ಆರ್ತ ಮಿಸ್ತ್ರಿಯ ಪಾಲಿನ ಮೀನಿನ ತಲೆ

ಆರ್ತತ್ರಾಣ ಜೇನಾನ ಕಂಪನಿ ಎಷ್ಟು ದೊಡ್ಡದಿತ್ತು ಎಂದು ಯಾರಾದರೂ ಕೇಳಿದರೆ ನಾನು ಅನ್ನದ ತಪ್ಪಲೆಯ ಅಳತೆಯಲ್ಲಿ ಹೇಳುತ್ತೇನೆ. ಬೇರೆ ಅಳತೆ ನನಗೆ ಗೊತ್ತಿಲ್ಲ. ಕಲ್ಕತ್ತೆಯ ಭವಾನಿಪುರದ ಒಂದು ಗಲ್ಲಿಯಲ್ಲಿ, ಅವನ ಬಾಸಾದಲ್ಲಿ, ಇಪ್ಪತ್ತಾರು ವರ್ಷ ಅಡುಗೆ ಮಾಡಿದವನು ನಾನು, ದಾಮೋದರ ಪಂಡಾ. ಒಂದೇ ಊರಿನ ಗಂಡಸರು ಒಂದು ಮನೆ ಹಿಡಿದು, ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಟ್ಟಿಗೆ ಕೆಲಸಕ್ಕೆ ಹೋದರೆ ಅದನ್ನು ನಾವು ಬಾಸಾ ಎನ್ನುತ್ತೇವೆ. ಅಲ್ಲಿ ಅಡುಗೆ ಮಾಡುವ ಬ್ರಾಹ್ಮಣನನ್ನು ಠಾಕುರ ಎಂದು ಕರೆಯುತ್ತಾರೆ. ಹೆಸರು ದೇವರದು, ವಾಸ ಮಾತ್ರ ಹೊಗೆಯಲ್ಲಿ.

ಹೋದ ಮಾಘದಲ್ಲಿ ಆರ್ತ ತೀರಿಕೊಂಡ. ಅವನ ಬಗ್ಗೆ ಯಾರೂ ಏನೂ ಬರೆಯುವುದಿಲ್ಲ, ಅವನು ಅಂಥ ದೊಡ್ಡ ಮನುಷ್ಯನೇನೂ ಅಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಅವನ ನೆನಪಾಗುತ್ತದೆ, ಹಾಳಾದ್ದು ಕಣ್ಣು ತುಂಬಿಕೊಳ್ಳುತ್ತದೆ. ಅದಕ್ಕೇ ಹೇಳಿ ಮುಗಿಸೋಣ ಅನ್ನಿಸಿತು.

ನಮ್ಮದು ಕಟಕ ಜಿಲ್ಲೆಯ ಪಟ್ಟಾಮುಂಡೈ ಕಡೆ. ನಮ್ಮ ಕಡೆಯವರಿಗೆ ನಲ್ಲಿ ಕೆಲಸ ಹುಟ್ಟಿನಿಂದಲೇ ಬರುತ್ತದೆ ಎಂದು ಕಲ್ಕತ್ತೆಯ ಬಾಬುಗಳು ನಂಬಿದ್ದರು. ಸುಳ್ಳು. ಆರ್ತ ಊರು ಬಿಟ್ಟಾಗ ನಮ್ಮೂರಲ್ಲಿ ಒಂದೇ ಒಂದು ನಲ್ಲಿ ಇರಲಿಲ್ಲ. ಕೆರೆಯ ನೀರು ಕುಡಿದು ಬೆಳೆದವನು ಊರಿನ ಹಿರಿಯರೊಬ್ಬರ ಹಿಂದೆ ಹೋಗಿ, ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುವುದನ್ನೂ, ಅದಕ್ಕೆ ಸಣಬಿನ ನಾರು ಸುತ್ತಿ ಸಫೇದಾ ಎಂಬ ಬಿಳಿ ಅಂಟು ಮೆತ್ತಿ ಬಿಗಿಯುವುದನ್ನೂ ಕಲಿತ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಮೂರು ಜನರನ್ನು ಕಟ್ಟಿಕೊಂಡು ಬೇರೆ ಬಾಸಾ ಮಾಡಿದ. ಆಗ ನನ್ನನ್ನು ಕರೆದ. ನಾನು ಹೋದಾಗ ಇದ್ದದ್ದು ಒಂದು ಸಣ್ಣ ಹಿತ್ತಾಳೆ ತಪ್ಪಲೆ, ಅದೂ ಅವನ ಹೆಂಡತಿ ಕೇತಕಿ ತವರಿನಿಂದ ತಂದದ್ದು.

ಅವನ ಕಿವಿಯೇ ಅವನ ಬಂಡವಾಳ. ಕಬ್ಬಿಣದ ಒಂದು ಸರಳಿತ್ತು, ಮೊಳ ಉದ್ದದ್ದು. ಒಂದು ತುದಿಯನ್ನು ಗೋಡೆಗೆ ಒತ್ತಿ ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತಿತ್ತು. ಒಂದು ಸಲ ಹರೀಶ ಮುಖರ್ಜಿ ರಸ್ತೆಯ ಹಳೆಯ ಮನೆಯೊಂದರಲ್ಲಿ ಬೇರೆ ಮಿಸ್ತ್ರಿಗಳು ಮೂರು ಗೋಡೆ ಒಡೆದು ಹಾಕಿದ್ದರಂತೆ, ಸೋರಿಕೆ ಸಿಕ್ಕಿರಲಿಲ್ಲ. ಇವನು ಹೋಗಿ ಮಧ್ಯಾಹ್ನವಿಡೀ ಸರಳು ಹಿಡಿದು ತಿರುಗಿ, ಮೆಟ್ಟಿಲ ಕೆಳಗಿನ ಒಂದೇ ಒಂದು ಹಾಸುಗಲ್ಲು ಎತ್ತಿಸಿದ. ಅದರ ಕೆಳಗೆ ನೀರು ಬುಗ್ಗೆಯಂತೆ ಏಳುತ್ತಿತ್ತು. ಆ ಮನೆಯವರು ಇಡೀ ಬೀದಿಗೆ ಹೇಳಿದರು.

ಕಷ್ಟ ಶುರುವಾದದ್ದೇ ಅಲ್ಲಿಂದ. ಹೆಸರು ಬಂತು, ಜೊತೆಗೆ ಒಂದು ಗಂಟೂ ಬಿತ್ತು. ಎಲ್ಲರಿಗೂ ಅವನೇ ಬೇಕು. ಬೈಧರ ಖಟುವಾ ಎಂಬವನು ಆರ್ತನ ಬಲಗೈ, ಕೆಲಸದಲ್ಲಿ ಏನೂ ಕಡಿಮೆಯಿಲ್ಲ. ಅವನನ್ನು ಕಳಿಸಿದರೆ ಮನೆಯ ಒಡತಿಯರು ಬಾಗಿಲಲ್ಲೇ ನಿಲ್ಲಿಸಿ, "ಆರ್ತ ಮಿಸ್ತ್ರಿ ಎಲ್ಲಿ? ನೀನು ಹೋಗಿ ಅವನನ್ನ ಕಳ್ಸು" ಎನ್ನುತ್ತಿದ್ದರು. ಬೈಧರ ಸಂಜೆ ಬಂದು ಸಾಮಾನಿನ ಚೀಲವನ್ನು ಧೊಪ್ಪೆಂದು ಎಸೆಯುತ್ತಿದ್ದ.

"ಭಾಯಿ, ನಿಮ್ಮ ಕಿವಿ ಕತ್ತರಿಸಿ ಕೊಡಿ, ಜೇಬಲ್ಲಿ ಇಟ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ನನ್ನ ಯಾರೂ ಒಳಗೆ ಬಿಡಲ್ಲ."

"ಕಿವಿ ಕೊಟ್ರೆ ನಿನ್ನ ಬೈಗುಳ ಕೇಳೋದು ಹೇಗಪ್ಪ?" ಎಂದು ಆರ್ತ ನಗುತ್ತಿದ್ದ.

ನಗುತ್ತಿದ್ದ, ಆದರೆ ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಮನೆಗೆ ಹೋಗಬಲ್ಲ? ಊರಿನಿಂದ ಮಾತ್ರ ಜನ ಬರುತ್ತಲೇ ಇದ್ದರು. ಯಾರದೋ ತಮ್ಮ, ಯಾರದೋ ಅಳಿಯ, ಯಾರನ್ನೂ ಬೇಡ ಎನ್ನುವ ಹಾಗಿಲ್ಲ. ಹಿತ್ತಾಳೆ ತಪ್ಪಲೆ ಹೋಗಿ ಅಲ್ಯೂಮಿನಿಯಂ ತಪ್ಪಲೆ ಬಂತು. ಅದೂ ಸಾಲದೆ ಎರಡು ಸಲ ಅನ್ನ ಮಾಡಬೇಕಾಯಿತು. ಹದಿನೆಂಟು ಜನ ಉಣ್ಣುವವರು, ಕೆಲಸ ಹತ್ತು ಜನಕ್ಕೆ ಸಾಲುವಷ್ಟು. ಉಳಿದವರು ಇಡೀ ದಿನ ಜಗಲಿಯ ಮೇಲೆ ಇಸ್ಪೀಟು ಆಡುತ್ತ ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದರು.

"ಹೊಸ ಕಟ್ಟಡ ಹಿಡೀಬೇಕು ಠಾಕುರೇ" ಎಂದು ಆರ್ತ ಒಂದು ದಿನ ಒಲೆಯ ಮುಂದೆ ಕುಳಿತು ಹೇಳಿದ. "ಹೊಸ ಮನೇಲಿ ಯಾರೂ ಆರ್ತ ಎಲ್ಲಿ ಅಂತ ಕೇಳಲ್ಲ. ಅಲ್ಲಿ ಗೋಡೆಗೇ ಇನ್ನೂ ಹೆಸರಿರಲ್ಲ. ಎಲ್ರಿಗೂ ಕೆಲಸ ಸಿಗುತ್ತೆ."

ಊಟದ ವಿಷಯದಲ್ಲಿ ನಮ್ಮ ಬಾಸಾಗೆ ಒಂದು ಕಟ್ಟಳೆಯಿತ್ತು. ಯಜಮಾನನಿಗೂ ನಿನ್ನೆ ಬಂದವನಿಗೂ ಒಂದೇ ಪಾಲು. ಭಾನುವಾರ ರೋಹಿ ಮೀನು ತಂದರೆ ಅದರ ತಲೆ ಸರದಿಯ ಮೇಲೆ, ಈ ವಾರ ಇವನಿಗೆ, ಮುಂದಿನ ವಾರ ಅವನಿಗೆ. ಆರ್ತನಿಗೆ ಮೀನಿನ ತಲೆಯೆಂದರೆ ಪ್ರಾಣ. ಆದರೂ ಸರದಿ ಬಂದಾಗ ಮಾತ್ರ ತಿನ್ನುತ್ತಿದ್ದ. ಒಮ್ಮೆ ನಾನೇ ಹೆಚ್ಚಿಗೆ ಬಡಿಸಲು ಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದಿದ್ದ. ಇದನ್ನು ನೆನಪಿಟ್ಟುಕೊಳ್ಳಿ.

ಎಪ್ಪತ್ತೆಂಟರ ದೊಡ್ಡ ನೆರೆಯ ಮರುವರ್ಷ ತ್ರಿದಿಬ ಬಾಬು ಬಂದರು. ನಾಲ್ಕು ಅಂತಸ್ತಿನ ಮನೆ ಕಟ್ಟಿಸುತ್ತಿದ್ದರು, ಪಕ್ಕದಲ್ಲೇ ಇನ್ನೂ ಎರಡು ಕಟ್ಟುವವರಿದ್ದರು. ಮೊದಲನೆಯದನ್ನು ಹೇಳಿದ ದಿನಕ್ಕೆ ಮುಗಿಸಿದರೆ ಉಳಿದೆರಡೂ ಆರ್ತನಿಗೆ. ಅವರು ಕೊಟ್ಟ ದಿನ ಜೂನ್ ಹದಿನೇಳು. ಅಂದು ಗೃಹಪ್ರವೇಶ, ಅಷ್ಟರಲ್ಲಿ ಎಲ್ಲ ನಲ್ಲಿಗಳಲ್ಲೂ ನೀರು ಬರಬೇಕು.

ಆರ್ತ ಅಲ್ಲೇ ಒಪ್ಪಲಿಲ್ಲ. ಮನೆಗೆ ಬಂದು, ಊರವರೆಲ್ಲ ಹೊರಗೆ ಹೋಗಿದ್ದ ಹೊತ್ತಿನಲ್ಲಿ, ನನ್ನ ಹತ್ತಿರ ಬಂದ. ನಾನು ಬದನೆಕಾಯಿ ಹುರಿಯುತ್ತಿದ್ದೆ.

"ಠಾಕುರೇ, ಜೂನ್ ಹದಿನೇಳರೊಳಗೆ ಮುಗಿಸ್ಬೇಕಂತೆ. ಪಂಜಿ ನೋಡಿ ಹೇಳಿ, ನಡುವೆ ಏನಾದ್ರೂ ಅಡ್ಡಿ ಇದ್ಯಾ?"

ಬಾಸಾದಲ್ಲಿ ಪಂಚಾಂಗ ನೋಡುವವನು ನಾನೇ. ತಿಥಿ, ನಕ್ಷತ್ರ, ಸಂಕ್ರಾಂತಿ ಎಲ್ಲ ಬಾಯಲ್ಲೇ ಇತ್ತು. ಆದರೆ ನನಗೆ ಇಂಗ್ಲಿಷ್ ತಾರೀಖು ಬರುತ್ತಿರಲಿಲ್ಲ. ಜೂನ್ ಎಂದರೆ ನಮ್ಮ ಯಾವ ತಿಂಗಳು, ಹದಿನೇಳು ಅದರ ಎಷ್ಟನೇ ದಿನ, ನನಗೆ ತಿಳಿಯದು. ಪಂಜಿಯ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಂಕಿಗಳಲ್ಲಿ ಅಚ್ಚಾಗಿರುತ್ತಿತ್ತು, ಅವುಗಳನ್ನು ನಾನು ಇರುವೆ ಸಾಲು ನೋಡಿದಂತೆ ನೋಡುತ್ತಿದ್ದೆ. ಕಲ್ಕತ್ತೆಯಲ್ಲಿದ್ದೂ ಅಷ್ಟು ಬರದೇ ಎಂದು ನೀವು ನಗಬಹುದು. ನನ್ನ ಕಲ್ಕತ್ತೆ ಒಲೆಯಿಂದ ಮೀನು ಮಾರ್ಕೆಟ್ಟಿನವರೆಗೆ ಮಾತ್ರ. ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಪಂಡಾ ಎಂಬ ಪುರೋಹಿತರ ಹೆಸರು ಬೇರೆ.

"ಎಲ್ಲ ಸರಿಯಾಗಿದೆ. ಧೈರ್ಯವಾಗಿ ಹಿಡಿ" ಎಂದೆ. ಪಂಜಿಯನ್ನು ಗೂಟದಿಂದ ಇಳಿಸಲೂ ಇಲ್ಲ.

ಅವನು ಒಂದು ಗಳಿಗೆ ನನ್ನ ಮುಖ ನೋಡಿ ಎದ್ದು ಹೋದ. ಮರುದಿನ ಒಪ್ಪಂದಕ್ಕೆ ಸಹಿ ಬಿತ್ತು. ವಾರದೊಳಗೆ ನನಗೆ ಹೊಸ ತಪ್ಪಲೆ ಬಂತು. ಎಂಥ ತಪ್ಪಲೆ! ಇಬ್ಬರು ಹಿಡಿದು ಎತ್ತಬೇಕು. ನಾನು ಅದರೊಳಗೆ ಕೂತು ಸ್ನಾನ ಮಾಡಬಹುದು ಎಂದು ಬೈಧರ ಹಾಸ್ಯ ಮಾಡಿದ. ಆರು ಜನ ಹೊಸಬರು ಊರಿನಿಂದ ಬಂದರು. ಇಪ್ಪತ್ತನಾಲ್ಕು ಜನ ಸಾಲಾಗಿ ಕುಳಿತು ಪಖಾಳ ಉಣ್ಣುವುದನ್ನು ನೋಡಲು ಚೆಂದ, ನೀರನ್ನದ ಆ ಸದ್ದು, ಹುರಿದ ಬಡಿ ಸಂಡಿಗೆಯ ಪರಿಮಳ, ಒಬ್ಬರ ಮೇಲೊಬ್ಬರ ಮಾತು. ಆ ಎರಡು ತಿಂಗಳು ನಮ್ಮ ಬಾಸಾ ಮದುವೆ ಮನೆಯಂತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಆ ಸಾಲು ಕಾಣುತ್ತದೆ.

ಒಳಗಿನ ಪೈಪುಗಳೆಲ್ಲ ಬೇಗ ಮುಗಿದವು. ಉಳಿದದ್ದು ಒಂದೇ, ರಸ್ತೆಯ ದೊಡ್ಡ ಪೈಪಿನಿಂದ ಮನೆಯ ತನಕ ಅಗೆದು ಕೂಡಿಸುವುದು. ಮೂರು ದಿನದ ಕೆಲಸ. ಅದಕ್ಕೆ ರಸ್ತೆ ಅಗೆಯುವ ಪರವಾನಗಿ ಬೇಕು. ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ಅದು ಆರ್ತನ ಕೈಗೆ ಬಂದದ್ದು ಜೂನ್ ಹದಿಮೂರರ ಮಧ್ಯಾಹ್ನ.

ಅವನು ಕಾಗದ ಹಿಡಿದು ಒಳಗೆ ಬಂದಾಗ ನಾನು ಅಂಗಳದಲ್ಲಿ ಅಕ್ಕಿ, ಉದ್ದು ಅರೆಯುತ್ತಿದ್ದೆ. ಪಕ್ಕದಲ್ಲಿ ಬೆಲ್ಲ, ತುರಿದ ತೆಂಗಿನಕಾಯಿ. ಪೋಡ ಪಿಠಾ ಮಾಡಲು, ಇಡೀ ಇರುಳು ಕೆಂಡದ ಮೇಲೆ ಬೇಯುವ ಕಡುಬು ಅದು. ಮರುದಿನದಿಂದ ಮೂರು ದಿನ ಅರೆಯುವ ಕಲ್ಲನ್ನೂ ಮುಟ್ಟುವ ಹಾಗಿರಲಿಲ್ಲ.

"ಸಿಕ್ತು!" ಎಂದ ಆರ್ತ. "ನಾಳೆ ಬೆಳಿಗ್ಗೆ ಗುದ್ದಲಿ ಹಾಕ್ಬೇಕು. ಎಲ್ರೂ ಆರು ಗಂಟೆಗೆ ತಯಾರಿರಿ."

ಇಸ್ಪೀಟು ನಿಂತಿತು. ಬೈಧರ ಮೆಲ್ಲಗೆ ಹೇಳಿದ.

"ಭಾಯಿ, ನಾಳೆ ಪಹಿಲಿ ರಜೋ."

ನನ್ನ ಕೈ ಕಲ್ಲಿನ ಮೇಲೆಯೇ ನಿಂತಿತು. ರಜೋ! ಮಿಥುನ ಸಂಕ್ರಾಂತಿಯ ಆ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ. ಉಳುವುದಿಲ್ಲ, ಅಗೆಯುವುದಿಲ್ಲ, ಬರಿಗಾಲಲ್ಲಿ ಅವಳನ್ನು ತುಳಿಯುವುದೂ ಇಲ್ಲ. ನಾಲ್ಕನೆಯ ದಿನ ಅವಳಿಗೆ ಸ್ನಾನ. ಹಬ್ಬದ ಅಡುಗೆಗೆ ನಾನೇ ಅರೆಯುತ್ತ ಕುಳಿತಿದ್ದೇನೆ, ಆದರೆ ಈ ಹಬ್ಬವೂ ಆ ಜೂನ್ ಹದಿನೇಳೂ ಒಂದೇ ಕಡೆ ಬಂದು ಕೂತಿವೆ ಎಂದು ಈವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ!

"ಮೂರೇ ದಿನ" ಎಂದ ಆರ್ತ. "ಈ ಕೆಲಸ ಹೋದ್ರೆ ಮುಂದಿನ ಎರಡೂ ಹೋಗುತ್ತೆ. ಇಪ್ಪತ್ತನಾಲ್ಕು ಜನ ಇದ್ದೀವಿ."

"ಹೊರಗಿನ ಆಳುಗಳನ್ನ ಹಿಡಿದು ಅಗೆಸಿ" ಎಂದನೊಬ್ಬ.

"ಅಗೆದ ಗುಂಡಿಗೆ ಇಳಿದು ಪೈಪು ಕೂಡ್ಸೋರು ಯಾರು? ನಾವೇ ತಾನೇ?" ಬೈಧರನ ದನಿ ಏರಿತು. "ಭಾಯಿ, ರೈತ ವರ್ಷಕ್ಕೆ ಎರಡು ಸಲ ಅವಳನ್ನ ಕೆದಕ್ತಾನೆ. ನಾವು ದಿನಾ ಕೆದಕ್ತೀವಿ. ನಾವೇ ಈ ಮೂರು ದಿನ ಬಿಡಲಿಲ್ಲ ಅಂದ್ರೆ ಹೇಗೆ? ಅಲ್ಲ, ಒಪ್ಕೊಳ್ಳೋವಾಗ ಪಂಜಿ ನೋಡ್ಸಲಿಲ್ವಾ?"

ಆರ್ತ ನನ್ನತ್ತ ನೋಡಿದ. ನಾನು ಹಿಟ್ಟಿನ ಪಾತ್ರೆಯೊಳಗೆ ನೋಡಿದೆ. ಠಾಕುರ ಸುಳ್ಳು ಹೇಳಿದ ಎಂದರೆ ಸಾಕಿತ್ತು, ಅಂದೇ ನನ್ನ ಗಂಟು ಮೂಟೆ ಬೀದಿಯಲ್ಲಿ ಇರುತ್ತಿತ್ತು.

"ಇಲ್ಲ, ನೋಡ್ಸಲಿಲ್ಲ" ಎಂದ ಆರ್ತ. "ಆತುರ ಬಿದ್ದೆ. ತಪ್ಪು ನಂದು."

ಮರುದಿನ ಬೆಳಿಗ್ಗೆ ಅವನು ಗುದ್ದಲಿ ಹೆಗಲ ಮೇಲಿಟ್ಟು ಒಬ್ಬನೇ ಹೊರಟ. ನನಗೆ ಮನಸ್ಸು ತಡೆಯಲಿಲ್ಲ. ಎಲೆಯಲ್ಲಿ ಎರಡು ತುಂಡು ಪೋಡ ಪಿಠಾ ಕಟ್ಟಿಕೊಂಡು ಹಿಂದೆಯೇ ಹೋದೆ. ರಸ್ತೆಯ ಅಂಚಿನಿಂದ ಮನೆಯವರೆಗೆ ಸುಣ್ಣದ ಗೆರೆ ಎಳೆದಿತ್ತು. ಅವನು ಗೆರೆಯ ಪಕ್ಕ ನಿಂತು ಗುದ್ದಲಿ ಎತ್ತಿದ. ಹಾಗೇ ನಿಂತ. ನಾನು ದೂರದ ಪಾನಿನ ಅಂಗಡಿಯ ಹತ್ತಿರ ನಿಂತಿದ್ದೆ. ಅಗೆಯಲಿ ಎಂದು ನನ್ನ ಅರ್ಧ ಮನಸ್ಸು ಬೇಡುತ್ತಿತ್ತು, ಅಗೆದುಬಿಟ್ಟರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಅವನು ಗುದ್ದಲಿಯನ್ನು ಇಳಿಸಿ, ಸದ್ದಾಗದ ಹಾಗೆ ನೆಲದ ಮೇಲೆ ಮಲಗಿಸಿ, ತ್ರಿದಿಬ ಬಾಬುಗಳ ಹಳೆಯ ಮನೆಯತ್ತ ನಡೆದ. ನಾನು ಓಡಿ ಅವನನ್ನು ಸೇರಿಕೊಂಡೆ.

"ಏನು ಮಿಸ್ತ್ರಿ, ಶುರುವಾಯ್ತಾ?" ಎಂದರು ಬಾಬು.

"ಇಲ್ಲ ಬಾಬು. ಹದಿನೆಂಟಕ್ಕೆ ಶುರು ಮಾಡಿ ಇಪ್ಪತ್ತಕ್ಕೆ ನೀರು ಬಿಡ್ತೀನಿ. ಈಗ ಭೂಮಿ ಮುಟ್ಟಾಗಿದ್ದಾಳೆ, ಅಗೆಯೋ ಹಾಗಿಲ್ಲ."

"ಹದಿನೇಳಕ್ಕೆ ಮುನ್ನೂರು ಜನ ಊಟಕ್ಕೆ ಬರ್ತಾರೆ. ಕೈ ತೊಳೆಯೋಕೆ ಗಂಗೆಗೆ ಕಳಿಸ್ಲಾ?"

ಒಳಬಾಗಿಲಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ಜಪಮಾಲೆ ಹಿಡಿದು ನಿಂತಿದ್ದಳು, ಬಾಬುಗಳ ಸೋದರತ್ತೆ. "ನಗಬೇಡ ಕಣೋ ತ್ರಿದಿಬ. ಭೂಮಿ ಮುಟ್ಟಾಗೋ ಅಂಬುಬಾಚಿಯಲ್ಲಿ ನಾವೂ ಅಗೆಸಲ್ಲ. ನಾನು ಮೂರು ದಿನ ಒಲೆ ಹಚ್ಚಲ್ಲ" ಎಂದಳು.

"ಪಿಸಿಮಾ, ಅದಕ್ಕೆ ಇನ್ನೂ ಎಂಟು ದಿನ ಇದೆ."

"ಇರಲಿ. ಅವರ ಕಡೆ ಈಗ, ನಮ್ಮ ಕಡೆ ಆಮೇಲೆ."

"ಹಾಗಾದ್ರೆ ಭೂಮಿತಾಯಿ ಎಷ್ಟು ಜನ, ಇಬ್ರಾ?"

ಪಿಸಿಮಾ ಒಳಗೆ ಹೋಗಿ ನಮ್ಮಿಬ್ಬರಿಗೂ ಒಂದೊಂದು ಸಂದೇಶ್ ಮಿಠಾಯಿ ತಂದು ಕೈಗಿಟ್ಟಳು. ಬಾಬು ಕೆಲಸವನ್ನು ಅಂದೇ ಬೇರೆಯವರಿಗೆ ಕೊಟ್ಟರು. ಆ ಬೇರೆಯವರು ಅಗೆಯುವಾಗ ಇಟ್ಟಿಗೆಯ ಹಳೆಯ ಚರಂಡಿಯೊಂದನ್ನು ಒಡೆದು, ಅದನ್ನು ಮುಚ್ಚುವಷ್ಟರಲ್ಲಿ ಅಂಬುಬಾಚಿ ಬಂದು, ಪಿಸಿಮಾ ಹೊಸ್ತಿಲಲ್ಲಿ ಕುಳಿತು ಕೆಲಸ ನಿಲ್ಲಿಸಿ, ಆ ಮನೆಯ ನಲ್ಲಿಯಲ್ಲಿ ನೀರು ಬಂದಾಗ ಜುಲೈ ಐದು. ಇದನ್ನು ಕೇಳಿ ನಮ್ಮ ಬಾಸಾದಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಕ್ಕರೇನು ಬಂತು, ಕೆಲಸವಂತೂ ಹೋಯಿತು.

ಒಂದು ವರ್ಷದೊಳಗೆ ಹದಿಮೂರು ಜನ ಬಿಟ್ಟುಹೋದರು. ಜಗಳವಿಲ್ಲ, ಕೆಲಸವೂ ಇಲ್ಲ. ಮೊದಲು ಹೋದವನು ಯಾರೆಂದರೆ ಅಗೆಯಬಾರದೆಂದು ಸಾರಿದ ಆ ಮಹಾನುಭಾವ ಬೈಧರ! ದಿಲ್ಲಿಗೆ ಹೋದ, ಅಲ್ಲಿ ಇನ್ನೂರು ಜನರ ಕಂಪನಿ ಮಾಡಿದ. ರಜೋದಲ್ಲಿ ಮೂರು ದಿನ ಯಾರಿಗೂ ಕೆಲಸ ಹೇಳುವುದಿಲ್ಲವಂತೆ, ಪಾಪ ಅಷ್ಟು ಮಟ್ಟಿಗೆ ಒಳ್ಳೆಯವನು. ಹೊರಡುವ ದಿನ ಆರ್ತನ ಕಾಲು ಮುಟ್ಟಿ ಅತ್ತ. ಆರ್ತ ತನ್ನ ಪೈಪು ಬಿಗಿಯುವ ಒಳ್ಳೆಯ ಪಾನಾ ಒಂದನ್ನು ಅವನ ಚೀಲಕ್ಕೆ ತುರುಕಿದ.

ದೊಡ್ಡ ತಪ್ಪಲೆ ಅಂಗಳದಲ್ಲಿ ಬೋರಲು ಬಿತ್ತು. ಅದರ ಮೇಲೆ ಕುಳಿತು ನಾನು ತರಕಾರಿ ಹೆಚ್ಚುತ್ತಿದ್ದೆ. ಕುಳಿತಾಗಲೆಲ್ಲ ಚುಚ್ಚುತ್ತಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದೆ, ಉಪ್ಪು ಸಾಕಾ ಎಂದು ಕೇಳಿ ಮುಚ್ಚುತ್ತಿದ್ದೆ. ಹೇಳಲಾಗದ್ದನ್ನು ಬಡಿಸುವುದರಲ್ಲಿ ತೀರಿಸಲು ಹೊರಟೆ. ಭಾನುವಾರದ ಮೀನಿನ ತಲೆಯನ್ನು ಸರದಿ ಮುರಿದು ಅವನ ತಟ್ಟೆಗೆ ಹಾಕಿದೆ. ಕೈ ಅಡ್ಡ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಲಿಲ್ಲ. ತಲೆ ಬಗ್ಗಿಸಿ ತಿಂದ. ಮುಂದಿನ ವಾರವೂ ಹಾಕಿದೆ. ಉಳಿದವರು ಗೊಣಗಿದರು, ನಾನು ಗದರಿಸಿದೆ. ನಾನು ಮರೆವಿನಿಂದ ತಪ್ಪು ಹೇಳಿದೆ ಎಂದುಕೊಂಡು ಕ್ಷಮಿಸಿ ತಿನ್ನುತ್ತಿದ್ದಾನೆ ಎಂದು ನಾನು ಅರ್ಥ ಮಾಡಿಕೊಂಡೆ. ಬಾಸಾ ಮುಚ್ಚುವ ತನಕ ಹದಿಮೂರು ವರ್ಷ ಹಾಗೇ ನಡೆಯಿತು.

ಆ ಹದಿಮೂರು ವರ್ಷ ಅವನು ಹಳೆಯ ಮನೆಗಳಿಗೇ ಹೋದ, ಸರಳು ಹಿಡಿದು, ಗೋಡೆಗೆ ಕಿವಿಕೊಟ್ಟು. ಬರಬರುತ್ತ ಆ ಮನೆಗಳನ್ನೂ ಒಡೆದು ಹೊಸದಾಗಿ ಕಟ್ಟಿದರು. ಕೊನೆಗೆ ನಾವು ಐದು ಜನ ಉಳಿದೆವು, ಕೇತಕಿಯ ಹಿತ್ತಾಳೆ ತಪ್ಪಲೆಯನ್ನೇ ಮತ್ತೆ ಒಲೆಗೇರಿಸಿದೆ. ಆಮೇಲೆ ಎಲ್ಲರೂ ಊರಿಗೆ ಬಂದೆವು.

ಊರಿಗೆ ಬಂದ ನಾಲ್ಕನೆಯ ವರ್ಷ, ರಜೋ ಸಂಕ್ರಾಂತಿಯ ದಿನ. ಹೆಣ್ಣುಮಕ್ಕಳು ಕಾಲಿಗೆ ಕೆಂಪು ಅಲತಾ ಹಚ್ಚಿಕೊಂಡು ಮಾವಿನ ಮರದ ಉಯ್ಯಾಲೆಯಲ್ಲಿ ಜೀಕುತ್ತಿದ್ದರು. ನಾವಿಬ್ಬರು ಅವನ ಜಗಲಿಯ ಮೇಲೆ ಪಾನು ಜಗಿಯುತ್ತ ಇಸ್ಪೀಟು ಆಡುತ್ತಿದ್ದೆವು. ನನಗೆ ಅರವತ್ತಾಗಿತ್ತು. ಇನ್ನು ಹೊತ್ತುಕೊಂಡಿರಲು ಆಗುವುದಿಲ್ಲ ಅನ್ನಿಸಿತು.

"ಆರ್ತ, ಅವತ್ತು ನಾನು ಪಂಜಿ ನೋಡ್ಲೇ ಇಲ್ಲ. ಇಂಗ್ಲಿಷ್ ತಾರೀಖು ನಂಗೆ ಓದೋಕೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ."

"ಗೊತ್ತು. ಎಲೆ ಬಿಡಿ."

"ಗೊತ್ತಾ? ಯಾವಾಗಿಂದ?"

"ಮೊದಲಿಂದ್ಲೂ. ವರ್ಷಾ ವರ್ಷಾ ಕಟಕದ ರೈಲಿನ ಟಿಕೆಟ್ ತಂದು, ಇದು ಯಾವ ದಿನದ್ದು ಅಂತ ನನ್ನನ್ನೇ ಕೇಳ್ತಿದ್ರಲ್ಲ ಠಾಕುರೇ."

"ಗೊತ್ತಿದ್ರೆ ನನ್ನ ಯಾಕಪ್ಪ ಕೇಳ್ದೆ ಅವತ್ತು?"

ಅವನು ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟ.

"ಬರಲ್ಲ ಅಂತ ಗೊತ್ತಿತ್ತು, ಅದಕ್ಕೇ ಕೇಳ್ದೆ. ಬೈಧರನ್ನ ಕೇಳಿದ್ರೆ ಬೇಡ ಅಂತಿದ್ದ. ಜೂನ್ ಹದಿನೈದು ರಜೋ ಅಂತ ನಂಗೆ ಗೊತ್ತಿಲ್ವಾ? ಪರವಾನಗಿ ಬೇಗ ಬರುತ್ತೆ, ಅಷ್ಟರಲ್ಲಿ ಅಗೆದು ಮುಗಿಸ್ತೀನಿ ಅಂದ್ಕೊಂಡೆ. ಬರದಿದ್ರೆ ಹೇಗೋ ಎಲ್ರನ್ನೂ ಒಪ್ಪಿಸ್ತೀನಿ ಅಂದ್ಕೊಂಡೆ. ದೊಡ್ಡವನಾಗ್ಬೇಕಿತ್ತು ಠಾಕುರೇ. ಯಾರಾದ್ರೂ ಒಬ್ರು ಹೂಂ ಅನ್ಬೇಕಿತ್ತು."

ನನಗೆ ಮೈಯೆಲ್ಲ ಉರಿಯಿತು. "ಪಾಪಿ! ಇಷ್ಟು ವರ್ಷ ನನ್ನನ್ನ ಒಲೆಯಿಲ್ಲದೇ ಬೇಯಿಸಿದ್ಯಲ್ಲೋ! ಸರದಿ ಮುರಿದು, ಊರವರ ಬೈಗುಳ ತಿಂದು, ಮೀನಿನ ತಲೆ ತಲೆ ಅಂತ ನಿಂಗೆ ಹಾಕಿದ್ದೆಲ್ಲ ಯಾಕೆ ಅಂದ್ಕೊಂಡೆ?"

"ಮೊದಲನೇ ವಾರ ಅರ್ಥ ಆಗ್ಲಿಲ್ಲ. ಎರಡನೇ ವಾರ ಅರ್ಥ ಆಯ್ತು. ಹೇಳಿಬಿಡ್ಬೇಕು ಅಂತಾನೇ ಇದ್ದೆ." ಅವನ ಬಾಯಂಚಿನಲ್ಲಿ ನಗು ಬಂತು, ಕಣ್ಣು ಮಾತ್ರ ತುಂಬಿತ್ತು. "ಹೇಳಿದ್ರೆ ತಲೆ ಹೋಗ್ತಿತ್ತಲ್ಲ."

ನಾನು ಎಲೆಗಳನ್ನು ಅವನ ಮುಖಕ್ಕೆ ಎಸೆದು ಎದ್ದೆ. ಮನೆಯವರೆಗೂ ಅವನನ್ನು ಬೈಯುತ್ತಲೇ ನಡೆದೆ. ಮನೆ ತಲುಪುವಷ್ಟರಲ್ಲಿ ನನಗೇ ನಗು ತಡೆಯಲಾಗಲಿಲ್ಲ, ಎದೆ ಎಷ್ಟು ಹಗುರಾಗಿತ್ತೆಂದರೆ ಹೊಸ್ತಿಲಲ್ಲಿ ಕುಳಿತು ಅತ್ತೂಬಿಟ್ಟೆ.

ನಾಲ್ಕನೆಯ ದಿನ, ಭೂಮಿಗೆ ಸ್ನಾನವಾದ ಮೇಲೆ, ಅರೆಯುವ ಕಲ್ಲನ್ನು ತೊಳೆದು ಅರಿಸಿನ ಹಚ್ಚಿ ಹೂವಿಟ್ಟೆ. ಮಾರ್ಕೆಟ್ಟಿಗೆ ಹೋಗಿ ಒಂದು ರೋಹಿ ತಂದು, ಸಾಸಿವೆ ಅರೆದು ಹಾಕಿ ಅಡುಗೆ ಮಾಡಿ, ಅವನನ್ನು ಊಟಕ್ಕೆ ಕರೆದೆ. ತಲೆಯನ್ನು ಅವನ ತಟ್ಟೆಗೆ ಹಾಕಲು ಹೋದಾಗ ಅವನು ಕೈ ಅಡ್ಡ ಹಿಡಿದ.

"ಈಗ್ಯಾಕೆ ಠಾಕುರೇ? ಎಲ್ಲ ಗೊತ್ತಾಯ್ತಲ್ಲ."

"ಕೈ ತೆಗಿ" ಎಂದೆ. "ಇವತ್ತು ಸುಮ್ನೆ ಹಾಕ್ತಿದ್ದೀನಿ."

ಅವನು ಕೈ ತೆಗೆದ.